ಹಸು ತಿಣುಕುತ್ತಿದೆ, ಕರು ಬರುತ್ತಿಲ್ಲ: ಮೊದಲು ಏನು ನೋಡಬೇಕು, ಎಲ್ಲಿ ಕೈ ತೆಗೆಯಬೇಕು

ನಮ್ಮ ಮಂಡ್ಯ ಕಡೆ ಹಳ್ಳಿಗಳಲ್ಲಿ ಹಸು ಕರು ಹಾಕಲು ಕಷ್ಟಪಟ್ಟರೆ ಮೊದಲು ಓಡಿ ಬರುವವರು ಅಕ್ಕಪಕ್ಕದವರು. ಒಬ್ಬರು ಹಗ್ಗ ತರುತ್ತಾರೆ, ಇನ್ನೊಬ್ಬರು ಎಣ್ಣೆ ತರುತ್ತಾರೆ, ಮತ್ತೊಬ್ಬರು ‘ಎಳೀರಿ, ಎಳೀರಿ’ ಅನ್ನುತ್ತಾರೆ. ಎಲ್ಲರೂ ಒಳ್ಳೆ ಮನಸ್ಸಿನಿಂದಲೇ ಬಂದಿರುತ್ತಾರೆ. ಆದರೆ ಕರುವಿನ ತಲೆ ಎಲ್ಲಿದೆ, ಬಂದಿರುವುದು ಮುಂಗಾಲೋ ಹಿಂಗಾಲೋ, ಹಸು ಎಷ್ಟು ಹೊತ್ತಿನಿಂದ ತಿಣುಕುತ್ತಿದೆ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ. ಹಸು, ಕರು ಹೆಚ್ಚಾಗಿ ಕೈತಪ್ಪುವುದು ಇಲ್ಲೇ. ಒಂದೋ ನೋಡದೆ ಎಳೆಯುತ್ತೇವೆ, ಇಲ್ಲ ‘ಬೆಳಗಾಗಲಿ ನೋಡೋಣ’ ಅಂತ ಮಲಗುತ್ತೇವೆ.

ನಾನು ಡಾಕ್ಟರ್ ಅಲ್ಲ, ಹಸು ಸಾಕುವವನು. ಇಲ್ಲಿ ಬರೆದಿರುವುದು ಡಾಕ್ಟರ್ ಬರುವವರೆಗೆ ನೀವು ಏನು ನೋಡಬಹುದು, ಏನು ಮಾಡಬಹುದು, ಏನನ್ನು ಮುಟ್ಟಲೇಬಾರದು ಅನ್ನುವುದು. ನಿಮ್ಮ ಕಣ್ಣಿಗೆ ಏನು ಕಾಣುತ್ತಿದೆಯೋ ಆ ಭಾಗಕ್ಕೆ ನೇರ ಹೋಗಿ.

ಮುಟ್ಟುವ ಮೊದಲು: ಗಡಿಯಾರ, ಫೋನು, ಕೈ

ನೀರಿನ ಚೀಲ ಕಂಡ ಸಮಯವನ್ನು ಬರೆದಿಡಿ. ಮೊಬೈಲಿನಲ್ಲಾದರೂ ಸರಿ, ಕೊಟ್ಟಿಗೆ ಗೋಡೆ ಮೇಲೆ ಇದ್ದಿಲಿನಲ್ಲಾದರೂ ಸರಿ. ಮುಂದಿನ ತೀರ್ಮಾನಗಳೆಲ್ಲ ಆ ಹೊತ್ತಿನ ಮೇಲೆ ನಿಂತಿವೆ. ‘ಆಗ್ಲೇ ಶುರುವಾಯ್ತು’ ಅಂದರೆ ಡಾಕ್ಟರಿಗೂ ಏನೂ ತಿಳಿಯುವುದಿಲ್ಲ.

ಸರ್ಕಾರದ ಪಶು ಸಹಾಯವಾಣಿ 1962. ಇದರ ಜೊತೆಗೆ ನಿಮ್ಮ ಊರಿಗೆ ಬರುವ ಪಶುವೈದ್ಯರ ನಂಬರು, ಹಾಲಿನ ಡೈರಿ ಕಾರ್ಯದರ್ಶಿಯ ನಂಬರು, ಜಿಲ್ಲಾ ಕೇಂದ್ರದ ಪಶು ಪಾಲಿಕ್ಲಿನಿಕ್ ನಂಬರು ಇರಲಿ. ರಾತ್ರಿ ಹೊತ್ತು ಗಾಡಿ ಸಿಗುತ್ತದಾ, ಯಾರು ಬರುತ್ತಾರೆ ಅನ್ನುವುದನ್ನು ಹಸುವಿಗೆ ಎಂಟು ತಿಂಗಳು ತುಂಬಿದಾಗಲೇ ಕೇಳಿ ಇಟ್ಟುಕೊಳ್ಳಿ. ನಾಗಮಂಗಲ, ಕೆ.ಆರ್. ಪೇಟೆ ಕಡೆಯವರಿಗೆ ಆಪರೇಷನ್ ಅಂತ ಬಂದರೆ ಹಾಸನದ ಪಶುವೈದ್ಯಕೀಯ ಕಾಲೇಜು ಕೂಡ ಒಂದು ದಾರಿ. ಫೋನಿನಲ್ಲಿ ಹೇಳಬೇಕಾದದ್ದು ಇಷ್ಟು: ಎಷ್ಟನೇ ಸೂಲು (ಎಷ್ಟನೇ ಹೆರಿಗೆ), ಗಬ್ಬಕ್ಕೆ ಎಷ್ಟು ದಿನ, ಯಾವ ತಳಿಯ ವೀರ್ಯ ಕೊಡಿಸಿದ್ದು, ನೀರು ಒಡೆದು ಎಷ್ಟು ಹೊತ್ತು, ಹೊರಗೆ ಏನು ಕಾಣುತ್ತಿದೆ, ಹಸು ನಿಂತಿದೆಯಾ ಮಲಗಿದೆಯಾ. ಹಿಂಭಾಗದ ಒಂದು ಫೋಟೋ ತೆಗೆದು ಕಳಿಸಿ. ಮುಜುಗರ ಬೇಡ.

ಕೈ ಹಾಕಬೇಕಾದರೆ ಉಗುರು ಕತ್ತರಿಸಿ, ಉಂಗುರ, ಕಡಗ, ವಾಚು ಬಿಚ್ಚಿ. ಭುಜದವರೆಗೆ ಬರುವ ಪ್ಲಾಸ್ಟಿಕ್ ಕೈಗವಸು ಅಗ್ಗಕ್ಕೇ ಸಿಗುತ್ತದೆ, ಗಬ್ಬದ ಇಂಜೆಕ್ಷನ್ ಮಾಡುವವರ ಹತ್ತಿರ ಇದ್ದೇ ಇರುತ್ತದೆ, ನಾಲ್ಕು ಕೇಳಿ ಇಟ್ಟುಕೊಳ್ಳಿ. ಇದು ಯಾಕೆ ಅಷ್ಟು ಮುಖ್ಯ ಅನ್ನುವುದು ಕೊನೆಯ ಭಾಗದಲ್ಲಿದೆ. ಬರಿಗೈಯಲ್ಲಿ ಮಾಡುವವರು ದಯವಿಟ್ಟು ಅದನ್ನು ಓದಿ. ಹಸುವನ್ನು ಗೋದಲಿಗೆ ಬಿಗಿಯಾಗಿ, ಗಿಡ್ಡ ಹಗ್ಗದಲ್ಲಿ ಕಟ್ಟಿರಬಾರದು. ಕೈ ಒಳಗಿದ್ದಾಗ ಅದು ದಿಢೀರ್ ಅಂತ ಕುಸಿದು ಮಲಗುತ್ತದೆ, ಕುತ್ತಿಗೆ ಹಗ್ಗ ಬಿಗಿದರೆ ಅಲ್ಲೇ ಉಸಿರು ಕಟ್ಟುತ್ತದೆ. ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ. ಸಿಮೆಂಟ್ ನೆಲಕ್ಕೆ ಒಣಹುಲ್ಲು ಹರಡಿ. ಬಲ್ಬಿಗೆ ಎಳೆದ ವೈರು ಒದ್ದೆ ನೆಲದ ಮೇಲೆ ಬಿದ್ದಿಲ್ಲ ತಾನೇ ನೋಡಿ. ಅಂಥ ಕಡೆ ಟಾರ್ಚೇ ವಾಸಿ.

‘ದಿನ ತುಂಬಿದೆ, ಎದ್ದು ಕೂತು ಮಾಡುತ್ತಿದೆ, ಏನೂ ಕಾಣುತ್ತಿಲ್ಲ’

ಹಸುವಿಗೆ ಗಬ್ಬದ ಅವಧಿ ಸುಮಾರು 280 ದಿನ. ಹತ್ತು ದಿನ ಹಿಂದೆ ಮುಂದೆ ಆಗುವುದು ಸಹಜ. ಎಮ್ಮೆಗೆ ಸುಮಾರು 310. ಕೆಚ್ಚಲು ಬಿಟ್ಟಿದೆ, ಬಾಲದ ಬುಡದ ಎರಡೂ ಕಡೆ ಕುಸಿದು ಗುಳಿ ಬಿದ್ದಿದೆ, ಲೋಳೆ ಇಳಿಯುತ್ತಿದೆ ಅಂದರೆ ಒಂದೆರಡು ದಿನದೊಳಗೆ ಈಯುತ್ತದೆ.

ಆಮೇಲೆ ಚಡಪಡಿಕೆ ಶುರುವಾಗುತ್ತದೆ. ಮೇವು ಬಿಡುತ್ತದೆ, ಬಾಲ ಎತ್ತುತ್ತದೆ, ಹಿಂದೆ ತಿರುಗಿ ನೋಡುತ್ತದೆ, ಮಲಗಿ ಏಳುತ್ತದೆ. ಈ ಹಂತ 2ರಿಂದ 6 ಗಂಟೆ ಇರುತ್ತದೆ, ಚೊಚ್ಚಲ ಕಡಸಿಗೆ 12 ಗಂಟೆವರೆಗೂ ಹೋಗಬಹುದು. ಒಳಗೆ ಗರ್ಭದ ಬಾಯಿ ಬಿಚ್ಚುತ್ತಿರುತ್ತದೆ. ಈಗ ಕೈ ಹಾಕುವ ಕೆಲಸ ಇಲ್ಲ. ಜನ ಗುಂಪು ಕಟ್ಟಬೇಡಿ, ನಾಯಿ ಓಡಿಸಿ, ದೂರದಿಂದ ನೋಡಿ. ಗಲಾಟೆಗೆ ಹೆದರಿದ ಹಸು ಹೆರಿಗೆಯನ್ನು ತಡೆದು ನಿಲ್ಲಿಸುತ್ತದೆ, ಕಡಸುಗಳಂತೂ ಇನ್ನೂ ಜಾಸ್ತಿ.

ಅಷ್ಟು ಹೊತ್ತು ದಾಟಿದರೂ ನೀರಿನ ಚೀಲವೇ ಕಾಣಲಿಲ್ಲ ಅಂದರೆ ಕಾಯಬೇಡಿ. ಅದರಲ್ಲೂ ಹೀಗಾದರೆ: ಹೊಟ್ಟೆನೋವಿನಿಂದ ಹೊಟ್ಟೆಗೆ ಒದ್ದುಕೊಂಡಿತು, ಎದ್ದು ಬಿದ್ದು ಮಾಡಿತು, ಆಮೇಲೆ ಸುಮ್ಮನಾಗಿಬಿಟ್ಟಿತು. ‘ನೋವು ನಿಂತಿತು, ಇನ್ನೂ ದಿನ ಇದೆ ಬಿಡಿ’ ಅನ್ನುತ್ತಾರೆ. ಆದರೆ ಇದು ಗರ್ಭಕೋಶ ತಿರುಚಿಕೊಂಡಿರುವ ಲಕ್ಷಣ ಇರಬಹುದು. ಗೋಣಿಚೀಲದ ಬಾಯನ್ನು ತಿರುಚಿ ಬಿಗಿದರೆ ಒಳಗಿನದು ಹೇಗೆ ಹೊರಗೆ ಬರುವುದಿಲ್ಲವೋ, ಅದೇ ರೀತಿ. ಎಮ್ಮೆಗಳಲ್ಲಿ ಇದು ಜಾಸ್ತಿ, ಹಸುಗಳಲ್ಲೂ ಇದೆ. ಕೆಲವೊಮ್ಮೆ ಯೋನಿಯ ಒಂದು ಬದಿ ಒಳಗೆ ಎಳೆದುಕೊಂಡ ಹಾಗೆ ಕಾಣುತ್ತದೆ, ಕೆಲವೊಮ್ಮೆ ಹೊರಗೆ ಏನೂ ಗೊತ್ತಾಗುವುದಿಲ್ಲ.

ಡಾಕ್ಟರ್ ಬಂದು ಒಳಗೆ ಕೈ ಹಾಕಿ ಯಾವ ಕಡೆಗೆ ತಿರುಚಿದೆ ಅಂತ ನೋಡುತ್ತಾರೆ. ಆಮೇಲೆ ಹಸುವನ್ನು ಮಲಗಿಸಿ, ಹೊಟ್ಟೆ ಮೇಲೆ ಹಲಗೆ ಇಟ್ಟು ಒತ್ತಿಹಿಡಿದು ಹೊರಳಿಸುತ್ತಾರೆ. ಅದನ್ನು ನೋಡಿ ಕಲಿತೆ ಅಂತ ಮುಂದಿನ ಸಲ ನೀವೇ ಹೊರಳಿಸಲು ಹೋಗಬೇಡಿ. ತಪ್ಪು ಕಡೆಗೆ ಹೊರಳಿಸಿದರೆ ತಿರುಚು ಇನ್ನೂ ಬಿಗಿಯುತ್ತದೆ. ಬೇಗ ಕರೆದರೆ ಹಸು, ಕರು ಎರಡೂ ಉಳಿಯುತ್ತವೆ. ಒಂದು ದಿನ ತಡವಾದರೆ ಗರ್ಭಕೋಶಕ್ಕೆ ರಕ್ತ ಹೋಗದೆ ಅದೇ ಕೊಳೆಯಲು ಶುರುವಾಗುತ್ತದೆ.

‘ನೀರು ಒಡೆಯಿತು, ಕಾಲು ಬಂದಿಲ್ಲ’

ನೀರು ಒಡೆದ ಮೇಲೆ ಸೂಲಾದ ಹಸು ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಸುತ್ತದೆ. ಕಡಸಿಗೆ ಎರಡು ಗಂಟೆ ಹಿಡಿಯಬಹುದು. ಹಸು ಜೋರಾಗಿ ತಿಣುಕುತ್ತಿದ್ದು 30ರಿಂದ 40 ನಿಮಿಷ ಆದರೂ ಏನೂ ಮುಂದೆ ಬರಲಿಲ್ಲ ಅಂದರೆ ಪರೀಕ್ಷೆ ಮಾಡುವ ಹೊತ್ತು ಬಂತು. ತಿಣುಕದೆ ಸುಮ್ನೆ ನಿಂತಿದ್ದರೂ ನೀರು ಒಡೆದು ಎರಡು ಗಂಟೆ ದಾಟಬಾರದು. ಮೊದಲು ಫೋನು ಮಾಡಿ, ಆಮೇಲೆ ಕೈ ತೊಳೆಯಿರಿ. ಈ ಕ್ರಮ ತಪ್ಪಬೇಡಿ. ಮಳವಳ್ಳಿ ಆಚೆಯ ಹಳ್ಳಿಗೋ ಎಚ್.ಡಿ. ಕೋಟೆಯ ಕಾಡಂಚಿಗೋ ಡಾಕ್ಟರ್ ತಲುಪಲು ಹೊತ್ತು ಹಿಡಿಯುತ್ತದೆ. ಆ ಹೊತ್ತು ನಿಮ್ಮ ಪರೀಕ್ಷೆಗೆ ಸಾಕು.

ಹಿಂಭಾಗವನ್ನು ಸೋಪು ನೀರಿನಲ್ಲಿ ತೊಳೆದು, ಕೈಗವಸಿಗೆ ಲಿಕ್ವಿಡ್ ಪ್ಯಾರಾಫಿನ್ ಅಥವಾ ಶುದ್ಧ ಕೊಬ್ಬರಿ ಎಣ್ಣೆ ಧಾರಾಳವಾಗಿ ಹಚ್ಚಿ, ಬೆರಳುಗಳನ್ನು ಒಟ್ಟಿಗೆ ಕೂಡಿಸಿ ನಿಧಾನ ಒಳಗೆ ಬಿಡಿ. ಹಸು ತಿಣುಕಿದಾಗ ಕೈ ಮುಂದೆ ತಳ್ಳಬೇಡಿ, ಹಾಗೇ ನಿಲ್ಲಿಸಿ. ಕರುವಿನ ತಲೆಗೂ ಹಸುವಿನ ಸೊಂಟದ ಮೂಳೆಗೂ ನಡುವೆ ಸಿಕ್ಕ ಕೈ ಮುರಿಯುವಷ್ಟು ಬಲ ಆ ತಿಣುಕಿನಲ್ಲಿರುತ್ತದೆ. ತಿಣುಕು ಸಡಿಲವಾದಾಗ ಮಾತ್ರ ತಡವಿ ನೋಡಿ.

ಬೆರಳಿಗೆ ಗಟ್ಟಿ ಉಂಗುರದ ಥರ ಸಿಕ್ಕಿ ಅಲ್ಲಿಂದ ಮುಂದೆ ಕೈ ಹೋಗದಿದ್ದರೆ ಗರ್ಭದ ಬಾಯಿ ಪೂರ್ತಿ ತೆರೆದಿಲ್ಲ. ದಾರಿ ತಿರುಪಿನ ಥರ ಸುತ್ತಿಕೊಂಡಿದ್ದರೆ ಮೇಲೆ ಹೇಳಿದ ತಿರುಚು. ಎರಡರಲ್ಲೂ ಕೈ ತೆಗೆದುಬಿಡಿ, ಬಲ ಹಾಕಬೇಡಿ.

ಇಲ್ಲಿಯೇ ಯಾರಾದರೂ ‘ಒಂದು ಇಂಜೆಕ್ಷನ್ ಹಾಕಿಸಿದರೆ ತಳ್ಳಿಬಿಡುತ್ತೆ’ ಅನ್ನುತ್ತಾರೆ. ಅವರು ಹೇಳುವುದು ಆಕ್ಸಿಟೋಸಿನ್. ಬಾಯಿ ತೆರೆಯದೆ ಇದ್ದಾಗ, ಕರು ಅಡ್ಡ ಇದ್ದಾಗ ಅದನ್ನು ಕೊಟ್ಟರೆ ಗರ್ಭಕೋಶ ಮುಚ್ಚಿದ ಬಾಗಿಲಿಗೆ ಕರುವನ್ನು ಒತ್ತಿ ಒತ್ತಿ ಕೊನೆಗೆ ತಾನೇ ಹರಿಯುತ್ತದೆ. ಹಸು ಒಳಗೊಳಗೇ ರಕ್ತ ಸುರಿದು ಸಾಯುತ್ತದೆ. ಡಾಕ್ಟರ್ ಕೈ ಹಾಕಿ ನೋಡಿದ ಮೇಲೆ ಕೊಡಬೇಕಾದ ಔಷಧಿ ಅದು. ಅಂಗಡಿಯಿಂದ ತಂದು ಹಾಕುವಂಥದ್ದಲ್ಲ.

‘ಎರಡು ಕಾಲು ಕಾಣುತ್ತಿವೆ’

ಗೊರಸಿನ ತಳ ನೋಡಿ. ತಳ ನೆಲದ ಕಡೆಗಿದ್ದರೆ ಸಾಮಾನ್ಯವಾಗಿ ಮುಂಗಾಲು. ಆಕಾಶದ ಕಡೆಗಿದ್ದರೆ ಹೆಚ್ಚಾಗಿ ಹಿಂಗಾಲು. ಇಷ್ಟಕ್ಕೇ ನಂಬಬೇಡಿ, ಯಾಕೆಂದರೆ ಕರು ಅಂಗಾತ ಇದ್ದರೂ ಮುಂಗಾಲಿನ ತಳ ಮೇಲಕ್ಕೆ ಬರುತ್ತದೆ. ಕಾಲಿನ ಗುಂಟ ಕೈ ಮೇಲಕ್ಕೆ ಬಿಡಿ. ಗೊರಸಿನ ಮೇಲೆ ಮೊದಲ ಗೆಣ್ಣು ಸಿಗುತ್ತದೆ, ಅದರ ಮೇಲೆ ಎರಡನೆಯದು. ಎರಡೂ ಒಂದೇ ಕಡೆಗೆ ಮಡಚಿದರೆ ಮುಂಗಾಲು. ಎರಡನೆಯದು ಎದುರು ಕಡೆಗೆ ಮಡಚಿ, ಅಲ್ಲಿ ಹಿಮ್ಮಡಿ ಥರ ಚೂಪು ಮೂಳೆ ಸಿಕ್ಕರೆ ಹಿಂಗಾಲು. ಕತ್ತಲಲ್ಲಿ, ಲೋಳೆ ತುಂಬಿದ ಕೈಯಲ್ಲಿ ಇದು ಗೊಂದಲ ಮಾಡುತ್ತದೆ, ಅದಕ್ಕೆ ಈಗಲೇ ನಿಮ್ಮ ಕೊಟ್ಟಿಗೆಯಲ್ಲಿ ಇರುವ ಕರುವಿನ ಕಾಲನ್ನು ಕಣ್ಣು ಮುಚ್ಚಿ ತಡವಿ ಅಭ್ಯಾಸ ಮಾಡಿ.

ಎರಡು ಮುಂಗಾಲು, ಅವುಗಳ ಮಂಡಿ ಮೇಲೆ ಒರಗಿದ ಮೂತಿ: ಇದೇ ಸರಿಯಾದ ಭಂಗಿ. ಮೂತಿ ಸಿಕ್ಕಿದರೆ ಹಸು ತಾನೇ ಮುಗಿಸಲು ಬಿಡಿ, ಅರ್ಧ ಗಂಟೆ ಕೊಡಿ.

ಕರು ಬದುಕಿದೆಯಾ? ಗೊರಸಿನ ಸೀಳಿನ ನಡುವೆ ಬೆರಳಿಂದ ಗಟ್ಟಿಯಾಗಿ ಚಿವುಟಿ, ಕಾಲು ಹಿಂದಕ್ಕೆ ಎಳೆದುಕೊಂಡರೆ ಜೀವ ಇದೆ. ಬಾಯೊಳಗೆ ಬೆರಳಿಟ್ಟರೆ ಚೀಪುತ್ತದೆ. ಏನೂ ಆಗಲಿಲ್ಲ ಅಂದ ಮಾತ್ರಕ್ಕೆ ಸತ್ತಿದೆ ಅಂತಲ್ಲ, ಬಳಲಿದ ಕರು ಕೂಡ ಅಲುಗುವುದಿಲ್ಲ.

ಹಿಂಗಾಲು ಮೊದಲು ಬಂದರೂ ಕರು ಹೊರಗೆ ಬರಬಲ್ಲದು, ಆದರೆ ಸಮಯ ಬಹಳ ಕಡಿಮೆ. ಕರುವಿನ ಸೊಂಟ ಹೊರಗೆ ಬರುವಾಗ ಹೊಕ್ಕುಳ ಬಳ್ಳಿ ಹಸುವಿನ ಮೂಳೆಗೆ ಒತ್ತಿ ರಕ್ತ ನಿಲ್ಲುತ್ತದೆ, ತಲೆ ಇನ್ನೂ ಒಳಗೆ ನೀರಿನಲ್ಲೇ ಇರುತ್ತದೆ. ಅಲ್ಲಿ ಉಸಿರೆಳೆದರೆ ನೀರು ಕುಡಿದಂತೆ. ಆದ್ದರಿಂದ ಹಗ್ಗ, ಎಣ್ಣೆ, ಜನ ಎಲ್ಲ ತಯಾರಾಗುವವರೆಗೆ ಎಳೆಯಲು ಶುರು ಮಾಡಬೇಡಿ. ಡಾಕ್ಟರ್ ದಾರಿಯಲ್ಲಿದ್ದರೆ ಅವರು ಬರಲಿ. ಶುರು ಮಾಡಿ ಬಾಲ ಹೊರಗೆ ಬಂದ ಮೇಲೆ ಮಾತ್ರ ನಡುವೆ ನಿಲ್ಲಿಸುವ ಹಾಗಿಲ್ಲ.

‘ಒಂದೇ ಕಾಲು’, ‘ಬರೀ ತಲೆ’, ‘ಬಾಲ ಮಾತ್ರ ಸಿಗುತ್ತಿದೆ’

ಈ ಮೂರರಲ್ಲೂ ಕಂಡದ್ದನ್ನು ಹಿಡಿದು ಎಳೆಯುವುದೇ ದೊಡ್ಡ ಅಪಾಯ.

ಒಂದು ಕಾಲು, ತಲೆ ಇದ್ದು ಇನ್ನೊಂದು ಕಾಲು ಮಡಚಿದ್ದರೆ ಕರುವನ್ನು ಮೊದಲು ಒಳಕ್ಕೆ ದಬ್ಬಿ ಜಾಗ ಮಾಡಬೇಕು, ಆಮೇಲೆ ಗೊರಸನ್ನು ಅಂಗೈಯಲ್ಲಿ ಪೂರ್ತಿ ಮುಚ್ಚಿ ಹಿಡಿದು ಹೊರಗೆ ತರಬೇಕು. ಗೊರಸು ಬರಿದಾಗಿ ಉಜ್ಜಿದರೆ ಗರ್ಭಕೋಶ ತೂತಾಗುತ್ತದೆ. ಕೈ ಪಳಗಿದವರು, ಅದೂ ಹಸು ನಿಂತಿದ್ದಾಗ, ಹತ್ತು ನಿಮಿಷ ಪ್ರಯತ್ನಿಸಬಹುದು. ಮೊದಲ ಸಲದವರು ಬೇಡ.

ಎರಡು ಮುಂಗಾಲು ಬಂದು ತಲೆ ಸಿಗುತ್ತಿಲ್ಲ ಅಂದರೆ ತಲೆ ಪಕ್ಕಕ್ಕೆ ತಿರುಗಿ ಪಕ್ಕೆಲುಬಿನ ಮೇಲೆ ಮಲಗಿರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿರುವ ಹಾಗೇ ಕಾಣುತ್ತದೆ, ಜನ ಎಳೆಯುವುದೂ ಇದರಲ್ಲೇ ಜಾಸ್ತಿ. ಎಳೆದಷ್ಟೂ ಕುತ್ತಿಗೆ ಮಡಚುತ್ತದೆ. ಮೂತಿ ಕೈಗೆ ಸಿಗದೆ ಹಗ್ಗ ಕಟ್ಟಲೇಬಾರದು.

ಬಾಲ ಮಾತ್ರ ಸಿಕ್ಕರೆ ಕರು ಕುಂಡೆ ಕೊಟ್ಟು ಕೂತಿದೆ, ಎರಡೂ ಹಿಂಗಾಲು ಹೊಟ್ಟೆ ಕೆಳಗೆ ಹೋಗಿವೆ. ದಾರಿಯಲ್ಲಿ ಏನೂ ತುಂಬಿಕೊಳ್ಳದ ಕಾರಣ ಹಸು ಜೋರಾಗಿ ತಿಣುಕುವುದೇ ಇಲ್ಲ, ಅದಕ್ಕೇ ಮನೆಯವರಿಗೆ ಗೊತ್ತಾಗುವುದು ತಡ. ಇದು, ನಾಲ್ಕು ಕಾಲು ಒಟ್ಟಿಗೆ ಸಿಗುವುದು, ಅವಳಿ ಇರಬಹುದು ಅನ್ನುವ ಅನುಮಾನ, ಮೂರೂ ನೇರ ಡಾಕ್ಟರ್ ಕೆಲಸ.

‘ಎಲ್ಲ ಸರಿಯಾಗೇ ಇದೆ, ಆದರೂ ಬರುತ್ತಿಲ್ಲ’

ಕರು ದೊಡ್ಡದು, ದಾರಿ ಚಿಕ್ಕದು. ಮೈ ತುಂಬದ ಕಡಸಿಗೆ ಗಬ್ಬ ಕಟ್ಟಿಸಿದಾಗ, ನಮ್ಮ ಹಳ್ಳಿಕಾರ್ ಹಸುವಿಗೆ ಹಾಲಿನ ಆಸೆಗೆ ಎಚ್.ಎಫ್. (ಹಾಲ್‌ಸ್ಟೀನ್ ಫ್ರೀಸಿಯನ್ ಅನ್ನುವ ದೊಡ್ಡ ಮೈಯ ವಿದೇಶಿ ತಳಿ) ವೀರ್ಯ ಕೊಡಿಸಿದಾಗ ಇದು ಹೆಚ್ಚು. ಮಿಶ್ರತಳಿ ಕಡಸು 250 ಕೆ.ಜಿ. ಆಸುಪಾಸು ತೂಗುವವರೆಗೆ ಕಾಯಿರಿ, ಚೊಚ್ಚಲಿಗೆ ಜೆರ್ಸಿಯಂಥ ಸಣ್ಣ ಕರುವಿನ ತಳಿ ಕೇಳಿ. ವಯಸ್ಸಾಯಿತು ಅಂತ ಅವಸರ ಬೇಡ, ತೂಕ ನೋಡಿ.

ಎಳೆಯಬಹುದಾ ಅನ್ನುವುದಕ್ಕೆ ಒಂದು ಪರೀಕ್ಷೆ ಇದೆ. ಮುಂಗಾಲಿನ ಮೊದಲ ಗೆಣ್ಣು ಯೋನಿಯಿಂದ ಒಂದು ಅಂಗೈ ಅಗಲ ಹೊರಗೆ ಬಂದಿದ್ದರೆ ಕರುವಿನ ಭುಜ ಸೊಂಟದ ಮೂಳೆಯೊಳಗೆ ಹೊಕ್ಕಿದೆ ಅಂತ ಅರ್ಥ, ಸಾಮಾನ್ಯವಾಗಿ ಬರುತ್ತದೆ. ಇಬ್ಬರು ಎಳೆದರೂ ಗೆಣ್ಣು ಅಷ್ಟು ಹೊರಗೆ ಬರದಿದ್ದರೆ, ಅಥವಾ ಎರಡು ಕಾಲು ಒಂದರ ಮೇಲೊಂದು ಕತ್ತರಿ ಹಾಕಿಕೊಂಡಿದ್ದರೆ, ಭುಜ ಸಿಕ್ಕಿಕೊಂಡಿದೆ. ನಿಲ್ಲಿಸಿ. ಇದು ಆಪರೇಷನ್ ಆಗಬೇಕಾದ ಕರು ಇರಬಹುದು, ಜೀವ ಇರುವಾಗಲೇ ಆ ತೀರ್ಮಾನ ಆಗಬೇಕು.

ಎಳೆಯುವುದು ಹೀಗೆ. ಕುದಿಸಿ ತೆಗೆದ ಮೆತ್ತನೆ ಹತ್ತಿ ಹಗ್ಗ, ಒಂದೊಂದು ಕಾಲಿಗೆ ಬೇರೆ ಬೇರೆ. ಗೆಣ್ಣಿನ ಮೇಲೆ ಒಂದು ಕುಣಿಕೆ, ಗೆಣ್ಣಿನ ಕೆಳಗೆ ಇನ್ನೊಂದು ಸುತ್ತು, ಆಗ ಬಲ ಹಂಚಿಹೋಗುತ್ತದೆ. ದಾರಿಗೆ ಎಣ್ಣೆ ಮತ್ತೆ ಮತ್ತೆ ಬಿಡಿ. ಹಸು ತಿಣುಕಿದಾಗ ಎಳೆಯಿರಿ, ಅದು ನಿಲ್ಲಿಸಿದಾಗ ನೀವೂ ನಿಲ್ಲಿಸಿ. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು. ತಲೆ, ಭುಜ ಹೊರಗೆ ಬಂದ ಮೇಲೆ ಹಸುವಿನ ಹಿಂಗಾಲ ಕಡೆಗೆ, ಕೆಳಮುಖವಾಗಿ ಎಳೆಯಿರಿ. ಇಬ್ಬರು ಸಾಕು. 10ರಿಂದ 15 ನಿಮಿಷದಲ್ಲಿ ಒಂದಿಷ್ಟೂ ಮುಂದೆ ಬರಲಿಲ್ಲ ಅಂದರೆ ಬಿಟ್ಟುಬಿಡಿ.

ಆರು ಜನ ಸೇರಿ ಹಗ್ಗ ಜಗ್ಗುವುದು, ಎತ್ತಿಗೆ ಕಟ್ಟುವುದು, ಟ್ರ್ಯಾಕ್ಟರಿಗೆ ಕಟ್ಟುವುದು, ಇವನ್ನು ಈಗಲೂ ಮಾಡುತ್ತಾರೆ. ಕಬ್ಬಿನ ಗಾಡಿ ಎಳೆಯುವ ಯಂತ್ರಕ್ಕೆ ಕಟ್ಟಿದರೆ ಕರುವಿನ ಕಾಲು ಮುರಿಯುತ್ತದೆ, ಹಸುವಿನ ಒಳಗು ಹರಿಯುತ್ತದೆ, ಸೊಂಟದ ನರ ಜಜ್ಜಿ ಹಸು ಮತ್ತೆ ಎದ್ದು ನಿಲ್ಲುವುದೇ ಇಲ್ಲ. ಹಗ್ಗ ತುಂಡಾದರೆ ಎಳೆಯುವವರ ಮುಖಕ್ಕೆ ಹೊಡೆಯುತ್ತದೆ. ಯಾರೇ ಹಿರಿಯರು ಹೇಳಿದರೂ ‘ಬೇಡ’ ಅನ್ನಿ. ಹಸು ನಿಮ್ಮದು.

ಕರು ಎದೆಯವರೆಗೆ ಬಂದು ಸೊಂಟದಲ್ಲಿ ಸಿಕ್ಕಿಕೊಂಡರೆ ಗಾಬರಿ ಬೀಳಬೇಡಿ, ಜೋರಾಗಿ ಎಳೆಯಲೂಬೇಡಿ. ಕರುವಿನ ಮೂಗು ಬಾಯಿ ಒರೆಸಿ ಉಸಿರಾಡಲು ಬಿಡಿ. ಎಣ್ಣೆ ಬಿಟ್ಟು ಕರುವಿನ ಮೈಯನ್ನು ಕಾಲು ಸುತ್ತು ಪಕ್ಕಕ್ಕೆ ತಿರುಗಿಸಿ ಮತ್ತೆ ಕೆಳಮುಖವಾಗಿ ಎಳೆದರೆ ಹೆಚ್ಚಾಗಿ ಜಾರಿ ಬರುತ್ತದೆ.

‘ತಿಣುಕುವುದನ್ನೇ ನಿಲ್ಲಿಸಿತು, ಕಿವಿ ತಣ್ಣಗಿದೆ’

ಮೂರನೇ ಸೂಲಿನ ಮೇಲಿನ, ಜಾಸ್ತಿ ಹಾಲು ಕೊಡುವ ಹಸುಗಳಲ್ಲಿ ಕ್ಯಾಲ್ಸಿಯಂ ಕುಸಿದಾಗ ಹೀಗಾಗುತ್ತದೆ. ಕಿವಿ, ಕಾಲು ತಣ್ಣಗೆ, ನಡೆದರೆ ತೂರಾಟ, ಆಮೇಲೆ ಮಲಗಿ ಕುತ್ತಿಗೆಯನ್ನು ಪಕ್ಕೆ ಕಡೆಗೆ ತಿರುಗಿಸಿ ಇಡುತ್ತದೆ. ಗರ್ಭಕೋಶವೂ ಒಂದು ಸ್ನಾಯು, ಕ್ಯಾಲ್ಸಿಯಂ ಇಲ್ಲದೆ ಅದೂ ಸೋಲುತ್ತದೆ. ಈದ ಮೂರು ದಿನದೊಳಗೂ ಇದು ಬರಬಹುದು.

ಹಸುವನ್ನು ಎದೆ ಮೇಲೆ ಕೂರುವಂತೆ ಹುಲ್ಲಿನ ಮೂಟೆ ಆನಿಸಿ. ಅಡ್ಡ ಮಲಗಿದರೆ ಹೊಟ್ಟೆ ಉಬ್ಬುತ್ತದೆ. ಬಾಯಿಗೆ ಏನನ್ನೂ ಸುರಿಯಬೇಡಿ, ನುಂಗುವ ಶಕ್ತಿ ಇರುವುದಿಲ್ಲ, ಶ್ವಾಸಕೋಶಕ್ಕೆ ಹೋಗುತ್ತದೆ. ಕ್ಯಾಲ್ಸಿಯಂ ಬಾಟಲಿಯನ್ನು ನರಕ್ಕೆ ಡಾಕ್ಟರೇ ಏರಿಸಬೇಕು, ಹೃದಯ ಬಡಿತ ನೋಡುತ್ತಾ ನಿಧಾನವಾಗಿ. ವೇಗವಾಗಿ ಹೋದರೆ ಹೃದಯ ನಿಲ್ಲುತ್ತದೆ. ಸರಿಯಾಗಿ ಕೊಟ್ಟಾಗ ಮಲಗಿದ ಹಸು ಕೆಲವೊಮ್ಮೆ ಗಂಟೆಯೊಳಗೇ ಎದ್ದು ನಿಲ್ಲುತ್ತದೆ.

ನಮ್ಮ ಕಡೆ ಮೇವು ಅಂದರೆ ಭತ್ತದ ಹುಲ್ಲು, ಕಬ್ಬಿನ ಸೋಗೆ. ಎರಡರಲ್ಲೂ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವ ಆಕ್ಸಲೇಟ್ ಇದೆ. ಅದಕ್ಕೆ ಅಂತ ಕೊನೆ ತಿಂಗಳು ಕ್ಯಾಲ್ಸಿಯಂ ಟಾನಿಕ್ ಸುರಿಯುವುದೂ ತಪ್ಪು. ಆಗ ಹಸುವಿನ ಮೈ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವುದನ್ನೇ ಮರೆಯುತ್ತದೆ, ಈಯುವ ದಿನ ಸೋಲುತ್ತದೆ. ಬತ್ತಿಸಿದ ಹಸುವಿಗೆ ಏನು ಕೊಡಬೇಕು ಅಂತ ಡಾಕ್ಟರನ್ನೇ ಕೇಳಿ.

‘ಕೆಟ್ಟ ವಾಸನೆ ಬರುತ್ತಿದೆ’

ಕಂದು ಬಣ್ಣದ, ನಾರುವ ನೀರು ಬಂದರೆ ಕರು ಒಳಗೆ ಸತ್ತು ಹೊತ್ತಾಗಿದೆ. ದಾರಿ ಒಣಗಿರುತ್ತದೆ, ಕರು ಊದಿರುತ್ತದೆ, ಎಳೆದರೆ ಗರ್ಭಕೋಶ ಹರಿಯುತ್ತದೆ. ನೀವು ಮುಟ್ಟಲೇಬೇಡಿ. ಹಳದಿ ಮಿಶ್ರಿತ ನೀರು ಬಂದರೆ ಕರು ಒಳಗೇ ಸಗಣಿ ಹಾಕಿದೆ, ಸಂಕಟದಲ್ಲಿದೆ, ಆದರೆ ಇನ್ನೂ ಬದುಕಿರಬಹುದು. ಆಗ ಒಂದು ನಿಮಿಷವೂ ಕಾಯಬೇಡಿ.

‘ಕರು ಬಿತ್ತು, ಉಸಿರಾಡುತ್ತಿಲ್ಲ’

ಮೂಗು, ಬಾಯಿಯ ಲೋಳೆ ಬೆರಳಿಂದ ತೆಗೆಯಿರಿ. ಎದೆ ಮೇಲೆ ಕೂರಿಸಿ, ಹಿಂಗಾಲುಗಳನ್ನು ಎರಡು ಪಕ್ಕಕ್ಕೆ ಮುಂದಕ್ಕೆ ಎಳೆದಿಡಿ, ಆಗ ಎರಡೂ ಶ್ವಾಸಕೋಶಕ್ಕೆ ಗಾಳಿ ಹೋಗುತ್ತದೆ. ಮೂಗಿನ ಹೊಳ್ಳೆಯೊಳಗೆ ಹುಲ್ಲುಕಡ್ಡಿ ಹಾಕಿ ಕೆಣಕಿ. ತಲೆ ಮೇಲೆ ತಣ್ಣೀರು ಚಿಮುಕಿಸಿ, ಒಣ ಗೋಣಿಯಿಂದ ಮೈ ಜೋರಾಗಿ ತಿಕ್ಕಿ. ಕಾಲು ಹಿಡಿದು ತಲೆಕೆಳಗೆ ನೇತುಹಾಕುವುದು ಬೇಡ. ಆಗ ಸುರಿಯುವುದು ಬಹುಪಾಲು ಹೊಟ್ಟೆಯ ನೀರು, ಕರುಳೆಲ್ಲ ಎದೆ ಮೇಲೆ ಬಿದ್ದು ಉಸಿರಾಟ ಇನ್ನೂ ಕಷ್ಟವಾಗುತ್ತದೆ.

ಉಸಿರು ಬಂದ ಮೇಲೆ ಹೊಕ್ಕುಳನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ. ಗಿಣ್ಣು ಹಾಲು ಎರಡು ಗಂಟೆಯೊಳಗೆ ಕುಡಿಯಲೇಬೇಕು. 30 ಕೆ.ಜಿ. ಕರುವಿಗೆ ಮೊದಲ ಅರ್ಧ ದಿನದಲ್ಲಿ 3 ಲೀಟರ್ ಲೆಕ್ಕ. ‘ಕಸ (ಕರುವಿನ ಹಿಂದೆ ಬೀಳುವ ಮಾಸು) ಬೀಳುವವರೆಗೆ ಹಾಲು ಬಿಡಬಾರದು’ ಅನ್ನುವ ಮಾತಿಗೆ ಎಷ್ಟೋ ಕರುಗಳು ಹೋಗಿವೆ. ಗಿಣ್ಣಿನ ರೋಗನಿರೋಧಕ ಶಕ್ತಿಯನ್ನು ಹೀರುವ ಶಕ್ತಿ ಕರುವಿನ ಕರುಳಿಗೆ ಗಂಟೆ ಗಂಟೆಗೂ ಕಡಿಮೆಯಾಗುತ್ತಾ ಒಂದು ದಿನದಲ್ಲಿ ಮುಗಿದೇಹೋಗುತ್ತದೆ. ಕರು ಚೀಪಿದರೆ ಕಸ ಬೀಳಲೂ ಅನುಕೂಲವೇ ಅಲ್ವಾ, ಗರ್ಭಕೋಶ ಕುಗ್ಗುವುದು ಅದರಿಂದಲೇ.

‘ಕೆಂಪಗೆ ದೊಡ್ಡದೇನೋ ಹೊರಗೆ ಬಿದ್ದಿದೆ’

ಈದ ಕೆಲವೇ ಗಂಟೆಗಳಲ್ಲಿ, ಮೊಣಕಾಲಿನವರೆಗೆ ಜೋತುಬೀಳುವ, ಮೇಲೆಲ್ಲ ಗುಂಡಿಗಳ ಥರ ಉಬ್ಬುಗಳಿರುವ ಕೆಂಪು ಚೀಲ ಕಂಡರೆ ಅದು ಗರ್ಭಕೋಶ. ಇದಕ್ಕಿಂತ ದೊಡ್ಡ ತುರ್ತು ಇನ್ನೊಂದಿಲ್ಲ. ಹಸುವನ್ನು ನಡೆಸಬೇಡಿ, ಒಳಗಿನ ರಕ್ತನಾಳ ಹರಿದರೆ ನಿಂತಲ್ಲೇ ಸಾಯುತ್ತದೆ. ತಣ್ಣನೆ ಶುದ್ಧ ನೀರಿನಿಂದ ಮಣ್ಣು ತೊಳೆದು, ಒದ್ದೆ ಬಿಳಿ ಪಂಚೆಯಲ್ಲಿ ಸುತ್ತಿ, ಇಬ್ಬರು ಆ ಕಡೆ ಈ ಕಡೆ ಹಿಡಿದು ಯೋನಿಯ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಊತ ಇಳಿಯಲು ಸಕ್ಕರೆ ಉದುರಿಸಬಹುದು. ನಾಯಿ, ಕಾಗೆ ಹತ್ತಿರ ಬಾರದಂತೆ ಒಬ್ಬರು ಕಾವಲಿರಿ. ಅಂಟಿರುವ ಕಸ ಕೀಳಬೇಡಿ, ನೀವೇ ಒಳಗೆ ತಳ್ಳಬೇಡಿ.

ರಕ್ತ ಸಣ್ಣಗೆ ಒಸರುವುದು ಸಾಮಾನ್ಯ. ಧಾರೆಯಾಗಿ ಬಂದರೆ, ಹಸುವಿನ ಕಣ್ಣೊಳಗೆ ಬಿಳಿಚಿದರೆ, ತಕ್ಷಣ ಫೋನು.

‘ಕಸ ಬಿದ್ದಿಲ್ಲ’, ‘ಹಸು ಏಳುತ್ತಿಲ್ಲ’

ಕಸ 12 ಗಂಟೆಯೊಳಗೆ ಬೀಳಬೇಕು. ಬೀಳದಿದ್ದರೆ ಡಾಕ್ಟರಿಗೆ ತಿಳಿಸಿ. ಜೋತುಬಿದ್ದ ಕಸಕ್ಕೆ ಕಲ್ಲು, ಹಳೇ ಚಪ್ಪಲಿ ಕಟ್ಟುವುದು ಬೇಡ. ಭಾರಕ್ಕೆ ಅರ್ಧ ಕಿತ್ತು ಉಳಿದದ್ದು ಒಳಗೆ ಕೊಳೆಯುತ್ತದೆ, ಕೆಲವೊಮ್ಮೆ ಗರ್ಭಕೋಶವೇ ಜೊತೆಗೆ ಬರುತ್ತದೆ. ಕೈ ಹಾಕಿ ಕೀಳಿಸಿದ ಹಸು ಮುಂದೆ ಗಬ್ಬ ನಿಲ್ಲಲು ಕಷ್ಟಪಡುತ್ತದೆ. ಜ್ವರ, ನಾತ, ಮೇವು ಬಿಡುವುದು ಕಂಡರೆ ಮರುದಿನದವರೆಗೆ ಕಾಯಬೇಡಿ.

ಏಳದ ಹಸುವಿಗೆ ಕ್ಯಾಲ್ಸಿಯಂ ಕಾರಣವೋ, ಎಳೆದಾಟದಲ್ಲಿ ನರ ಜಜ್ಜಿದೆಯೋ ಡಾಕ್ಟರ್ ಹೇಳಬೇಕು. ಅಲ್ಲಿಯವರೆಗೆ ಸಿಮೆಂಟಿನಿಂದ ಮಣ್ಣಿನ ನೆಲಕ್ಕೆ ಸರಿಸಿ, ದಪ್ಪ ಹುಲ್ಲು ಹಾಸಿ, ನಾಲ್ಕು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಿ.

‘ಹೆರಿಗೆ ಮಾಡಿಸಿದವರಿಗೇ ಜ್ವರ’

ಹಸು ಉಳಿಯಿತು, ಕರು ಉಳಿಯಿತು, ಕೆಲವು ವಾರ ಬಿಟ್ಟು ಮನೆಯವರಲ್ಲಿ ಒಬ್ಬರಿಗೆ ಜ್ವರ. ಬರುತ್ತದೆ, ಹೋಗುತ್ತದೆ. ರಾತ್ರಿ ಬೆವರು, ಸೊಂಟ, ಕೀಲುಗಳಲ್ಲಿ ನೋವು, ಎದ್ದು ಗದ್ದೆಗೆ ಹೋಗಲಾರದಷ್ಟು ಸುಸ್ತು, ಗಂಡಸರಿಗೆ ಕೆಲವೊಮ್ಮೆ ವೃಷಣದ ಊತ. ಟೈಫಾಯ್ಡ್ ಅಂತ ಔಷಧಿ ತೆಗೆದುಕೊಂಡು ಓಡಾಡುತ್ತಾರೆ. ಇದು ಬ್ರುಸೆಲ್ಲೋಸಿಸ್ ಇರಬಹುದು. ಕಂದು ಹಾಕಿದ (ದಿನ ತುಂಬುವ ಮೊದಲೇ ಗರ್ಭ ಬಿದ್ದ) ಹಸುವಿನ ಕಸದಲ್ಲಿ, ಗರ್ಭದ ನೀರಿನಲ್ಲಿ ಈ ರೋಗಾಣು ತುಂಬಿರುತ್ತದೆ. ಕೈಯ ಗಾಯ, ಕಣ್ಣಿಗೆ ಹಾರಿದ ಹನಿ, ಕಾಯಿಸದ ಹಾಲು, ಇಷ್ಟು ಸಾಕು ಅದಕ್ಕೆ. ಡಾಕ್ಟರ ಹತ್ತಿರ ಹೋದಾಗ ‘ಹಸುವಿನ ಹೆರಿಗೆ ಮಾಡಿಸಿದ್ದೆ’ ಅನ್ನುವ ಒಂದು ಮಾತು ಹೇಳಿ, ರಕ್ತಪರೀಕ್ಷೆ ಯಾವುದು ಅಂತ ಅವರಿಗೆ ತಿಳಿಯುತ್ತದೆ. ಚಿಕಿತ್ಸೆ ಇದೆ, ಆದರೆ ವಾರಗಟ್ಟಲೆ ಮಾತ್ರೆ ತಪ್ಪದೆ ನುಂಗಬೇಕು.

ಗಬ್ಬದ ಐದು ತಿಂಗಳ ನಂತರ ಕಂದು ಹಾಕಿದ ಯಾವ ಹಸುವನ್ನೂ ಬರಿಗೈಯಲ್ಲಿ ಮುಟ್ಟಬೇಡಿ. ಬಸುರಿ ಹೆಂಗಸರು, ಮಕ್ಕಳು ಹೆರಿಗೆ ಜಾಗದಿಂದ ದೂರ ಇರಲಿ. ಕಸವನ್ನು ನಾಲೆಗೆ ಎಸೆಯಬೇಡಿ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೆಳಗಿನ ಊರಿನವರೂ ಅದೇ ನೀರಿನಲ್ಲಿ ದನ ತೊಳೆಯುತ್ತಾರೆ. ನಾಯಿ ಅಗೆಯದಷ್ಟು ಆಳಕ್ಕೆ ಗುಂಡಿ ತೆಗೆದು, ಸುಣ್ಣ ಹಾಕಿ ಮುಚ್ಚಿ. ಕೊಟ್ಟಿಗೆಯ ಒದ್ದೆ ಹುಲ್ಲನ್ನು ಸುಟ್ಟುಬಿಡಿ. ಆ ಹಸುವಿನ ರಕ್ತವನ್ನು ಪಶು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ, ಫಲಿತಾಂಶ ಬರುವವರೆಗೆ ಬೇರೆ ಕಟ್ಟಿ, ಹಾಲು ಕುದಿಸದೆ ಯಾರೂ ಕುಡಿಯಬೇಡಿ.

ಹೆಣ್ಣುಗರುಗಳಿಗೆ ಇದರ ಲಸಿಕೆ ಇದೆ, ಜೀವನಕ್ಕೆ ಒಂದೇ ಸಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ರೋಗದ ಜೊತೆಗೆ ಇದೂ ಸೇರಿದೆ. ಹುಟ್ಟಿದ್ದು ಹೆಣ್ಣಾಗಿದ್ದರೆ ನಾಲ್ಕು ತಿಂಗಳು ತುಂಬುತ್ತಿದ್ದಂತೆ ಪಶು ಆಸ್ಪತ್ರೆಗೆ ಹೇಳಿ, ಎಂಟು ತಿಂಗಳು ದಾಟುವ ಮೊದಲು ಹಾಕಿಸಿ.